ಮಾವನ ಬೆನ್ನಿಗೆ ಅಂಟಿಸಿದ ಬಣ್ಣಗಳು

ಮೊನ್ನೆ ಮೂಡಬಿದಿರೆಯ ಔಷಧಿ ಅಂಗಡಿಯಲ್ಲಿ ಪ್ಲಾಸ್ಟರಿನ ಸುರುಳಿ ಬಿಚ್ಚುವಾಗ ಅದರ ರಬ್ಬರು ವಾಸನೆ ಮೂಗಿಗೆ ಬಡಿಯಿತು. ಪುತ್ತಿಗೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾವ ನೆನಪಾದರು... ಸಂಬಂಧವೇನಿಲ್ಲ, ನೆರೆಯವರೆಂದು ಮಾವ. ಐವತ್ತರ ದಶಕದ ಕೊನೆಯಲ್ಲಿ ಅವರು ಯಕ್ಷಗಾನ ಮೇಳವೊಂದರ ವೇಷಧಾರಿ. ಅವರು ರಂಗಕ್ಕೆ ಬಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದರು.

ಒಂದು ತಿರುಗಾಟದ ನಡುವೆ ಅವರ ಮುಖದಲ್ಲಿ ಗುಳ್ಳೆಗಳೆದ್ದವು. ಬಣ್ಣ ಹಚ್ಚಿದರೆ ಉರಿ, ತೆಗೆದರೆ ತುರಿಕೆ. ಯಾವುದೋ ಒಂದು ಬಣ್ಣ ಆಗಿಬರುತ್ತಿಲ್ಲ, ಅದು ಯಾವುದೆಂದು ತಿಳಿದರೆ ಅದೊಂದನ್ನು ಬಿಟ್ಟು ವೇಷ ಮಾಡಬಹುದು ಎಂದರು ಮಂಗಳೂರಿನ ಚರ್ಮದ ಡಾಕ್ಟರು. ಬಿಳಿ, ಹಳದಿ, ಕೆಂಪು, ಕಾಡಿಗೆ... ಒಂದೊಂದನ್ನೂ ಬಟ್ಟೆಯ ಚೂರಿಗೆ ಸವರಿ, ಬೆನ್ನ ಮೇಲೆ ಸಾಲಾಗಿ ಇಟ್ಟು ಪ್ಲಾಸ್ಟರು ಹಾಕಿದರು. ಮತ್ತೆ ಬಂದು ತೋರಿಸುವವರೆಗೆ ನೀರು ತಾಗಬಾರದು, ಬೆವರಲೂಬಾರದು.

ಮರುದಿನವೇ ಬೆಳುವಾಯಿಯಲ್ಲಿ ತಾಳಮದ್ದಳೆ. ಅತ್ತೆ ಬೇಡವೆಂದರು.

"ಬಣ್ಣ ಉಂಟಾ, ಕುಣಿತ ಉಂಟಾ? ಕೂತು ಅರ್ಥ ಹೇಳುವುದು ಮಾತ್ರ ಅಲ್ವಾ ಮಾರಾಯ್ತಿ," ಎಂದು ಮಾವ ಹೊರಟೇಬಿಟ್ಟರು.

ಎದುರು ಪಾತ್ರದ ಮಾತಾಡಲು ಕೂತ ಅರ್ಥಧಾರಿ ಕೆಣಕುವುದರಲ್ಲಿ ಪಳಗಿದವರು. ಮಾವ ಸೋಲೊಪ್ಪುವ ಪೈಕಿಯಲ್ಲ. ಮಾತಿಗೆ ಮಾತು ಬೆಳೆಯಿತು, ಕೂತಲ್ಲೇ ಅಂಗಿ ತೊಯ್ದುಹೋಯಿತು. ಮನೆಗೆ ಬಂದು ಕಳಚಿದರೆ ಚೂರುಗಳೆಲ್ಲ ಅಂಗಿಯ ಒಳಗೆ ಅಂಟಿಕೊಂಡಿದ್ದವು, ಬಣ್ಣ ಒಂದಕ್ಕೊಂದು ಕಲಸಿಹೋಗಿತ್ತು.

"ಯಾವುದು ಎಲ್ಲಿತ್ತು ಅಂತ ನನಗೆ ಹೇಗೆ ಗೊತ್ತಾಗ್ತದೆ?" ಎಂದರು ಅತ್ತೆ.

"ಅಂದಾಜಿಗೆ ಅಂಟಿಸು. ಡಾಕ್ಟ್ರಿಗೆ ಹೇಳುವುದು ಬೇಡ."

ಇದನ್ನೆಲ್ಲ ಅತ್ತೆ ಆಮೇಲೆ ನನ್ನ ಅಮ್ಮನಲ್ಲಿ ಹೇಳಿಕೊಂಡದ್ದು. ಡಾಕ್ಟರು ಬಿಚ್ಚಿ ನೋಡಿದಾಗ ಬಿಳಿಯದ್ದೆಂಬ ಚೂರಿನ ಕೆಳಗೆ ಚರ್ಮ ಕೆಂಪಾಗಿತ್ತು. ಬೆವರಿದ್ದಿರಾ ಎಂದು ಕೇಳಿದ್ದಕ್ಕೆ ಮಾವ ಇಲ್ಲವೆಂದರು. ಹಾಗಾದರೆ ಬಿಳಿ ಬಿಡಿ ಎಂದರು ಡಾಕ್ಟರು.

ಮೇಳದ ಮುಂದಿನ ಆಟಕ್ಕೆ ಮಾವ ಬಿಳಿ ಬಿಟ್ಟು ಉಳಿದದ್ದನ್ನು ಧಾರಾಳವಾಗಿ ಹಚ್ಚಿಕೊಂಡರು. ಕುಣಿಯುತ್ತಿದ್ದಂತೆಯೇ ಕಣ್ಣು ಮುಚ್ಚುವಷ್ಟು ಮುಖ ಊದಿತು. ರಂಗದ ಹಿಂದೆ ಬಣ್ಣ ಹಚ್ಚುವ ಚೌಕಿಗೆ ಕೈಹಿಡಿದು ಕರೆದೊಯ್ಯಬೇಕಾಯಿತು. ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಎಲ್ಲರೂ ಹೇಳಿದರು.

"ಸುಳ್ಳು ಹೇಳಿ ಬಂದದ್ದು. ಇನ್ನು ಯಾವ ಮುಖ ಇಟ್ಟುಕೊಂಡು ಹೋಗುವುದು?" ಎಂದವರು ಕೊನೆಗೂ ಹೋಗಲಿಲ್ಲ. ಆ ಹಟ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವೇಷ ಅಲ್ಲಿಗೆ ಮುಗಿಯಿತು. ಆಮೇಲೆ ಬರೀ ತಾಳಮದ್ದಳೆ. ಬಂಟ್ವಾಳ, ಬೆಳ್ತಂಗಡಿ ಕಡೆಯೆಲ್ಲ ಒಳ್ಳೆಯ ಹೆಸರು ಮಾಡಿದರು. ಆಟ ನೋಡಲು ಮಾತ್ರ ಹೋಗುತ್ತಿರಲಿಲ್ಲ. ದೂರದಿಂದ ಚೆಂಡೆ ಕೇಳಿಸಿದರೆ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದರು...

ಮಾವ ತೀರಿಕೊಂಡು ಎಷ್ಟೋ ವರ್ಷಗಳಾದವು. ಈಚೆಗೆ ಅವರ ನೆನಪಿಗೆಂದು ಊರಿನಲ್ಲಿ ಒಂದು ಸಭೆ ಮಾಡಿದರು. ಮಾತನಾಡಿದವರೆಲ್ಲ ಅವರ ಅರ್ಥಗಾರಿಕೆಯನ್ನು ಹೊಗಳಿದರು. ಮೊದಲು ಎಂಥ ವೇಷ ಮಾಡುತ್ತಿದ್ದರು ಗೊತ್ತೇ ಎಂದು ಪಕ್ಕದಲ್ಲಿ ಕೂತಿದ್ದ ಅವರ ಮೊಮ್ಮಗನನ್ನು ಕೇಳಿದೆ.

"ಅಜ್ಜ ವೇಷ ಮಾಡ್ತಿದ್ದರಾ?" ಎಂದ ಅವನು. "ನಮಗೆ ಯಾರೂ ಹೇಳ್ಲಿಲ್ಲ."

ತೋರಿಸೋಣವೆಂದರೆ ಒಂದು ಫೋಟೊ ಕೂಡ ಇಲ್ಲ. ಅವರ ಕುಣಿತ ಕಂಡವರು ನಮ್ಮೂರಲ್ಲಿ ಈಗ ಯಾರೂ ಉಳಿದಿಲ್ಲ, ನಾನೊಬ್ಬನನ್ನು ಬಿಟ್ಟರೆ.