ಶೇಖರನ ಹೆಸರಿನ ಡಬ್ಬಿ

ಬಾಗಿ ಯಾರನ್ನೂ ನಂಬುತ್ತಿರಲಿಲ್ಲ, ಮತ್ತು ಈ ವಿಷಯದಲ್ಲಿ ಅವಳು ಭೇದಭಾವ ಮಾಡಿದವಳೂ ಅಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಗಿರಣಿಯವನು ಗೋಧಿಯಲ್ಲಿ ಒಂದು ಮುಷ್ಟಿ ಉಳಿಸಿಕೊಳ್ಳುತ್ತಾನೆ, ರಿಕ್ಷಾದವನು ಬೇಕೆಂದೇ ಸುತ್ತು ದಾರಿ ಹಿಡಿಯುತ್ತಾನೆ. ಆ ವರ್ಷ ಟೈಲರನೂ ಪಟ್ಟಿಗೆ ಸೇರಿದ್ದ. ಅಳತೆಗೆ ಹಳೆಯ ರವಿಕೆ ಕೊಟ್ಟರೂ ದೊಗಲೆ ಹೊಲಿದು ಕೊಟ್ಟಿದ್ದ. ಅವನ ಹತ್ತಿರ ಜಗಳವಾಡಿ ಮನೆಗೆ ಬಂದು ಆ ಹಳೆಯ ರವಿಕೆಯನ್ನೇ ತೊಟ್ಟು ನೋಡಿದರೆ ಅದೂ ದೊಗಲೆ. ಆಗ ಬಾಗಿಯ ಸಂಶಯ ಸೋಪಿನ ಪುಡಿಯ ಮೇಲೆ ಹೋಯಿತು. ಈಗಿನ ಪುಡಿಯಲ್ಲಿ ಬಟ್ಟೆ ಹಿಗ್ಗುತ್ತದೆ ಎಂದು ಚಾಳಿನ ನಾಲ್ಕು ಜನರಿಗೆ ಹೇಳಿಯೂ ಬಂದಳು.

ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಮುಗಿದ ಮೇಲೆ ಬರುವ ಹಳ್ಳಿಯಲ್ಲಿ ಅವಳ ಮನೆ. ಹಳ್ಳಿ ಎಂದರೆ ಒಂದು ಕಡೆ ಇನ್ನೂ ಭತ್ತದ ಗದ್ದೆ, ಎಮ್ಮೆ, ವಿಠೋಬನ ಗುಡಿ. ಇನ್ನೊಂದು ಕಡೆ ಗದ್ದೆ ತುಂಬಿಸಿ ಎಬ್ಬಿಸಿದ ಚಾಳುಗಳ ಸಾಲುಮನೆಗಳು. ಗಾಳಿ ಈ ಕಡೆ ಬೀಸಿದ ದಿನ ಕಾರ್ಖಾನೆಯ ಹೊಗೆ ಎರಡಕ್ಕೂ ಸಮಪಾಲು. ಕಾರ್ಕಳದ ಕಡೆಯಲ್ಲಿ ಬೀಡಿ ಕಟ್ಟುತ್ತ ಬೆಳೆದ ಬಾಗಿ ಹತ್ತೊಂಬತ್ತಕ್ಕೆ ಶೇಖರನ ಕೈಹಿಡಿದು ಇಲ್ಲಿಗೆ ಬಂದವಳು. ಈಗ ಐವತ್ತನಾಲ್ಕು. ಶೇಖರ ಮೊದಲು ಕಲ್ಯಾಣದ ಒಂದು ಹೋಟೆಲಿನಲ್ಲಿದ್ದ, ಆಮೇಲೆ ಎಂಐಡಿಸಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಾದ. ಮಗಳು ಮಾನಸಿ ಕಾಮೋಠೆಯಲ್ಲಿ ಸಂಸಾರ ಹೂಡಿದ್ದಳು. ಆದಿತ್ಯವಾರ ಆದಿತ್ಯವಾರ ತನ್ನ ಎರಡು ವರ್ಷದ ಮಗ ಕೌಶಲನನ್ನು ತಂದು ಅಜ್ಜಿಯ ಮಡಿಲಿಗೆ ಹಾಕುತ್ತಿದ್ದಳು. ಆ ಮಗುವೊಂದನ್ನು ಬಾಗಿ ಪೂರ್ತಿ ನಂಬುತ್ತಿದ್ದಳು.

ಸಂಶಯ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ಕಲ್ಯಾಣದ ಹೋಟೆಲಿನಲ್ಲಿ ಮುಂಡಪ್ಪ ಎಂಬ ರುಬ್ಬುವ ಕೆಲಸದವನಿದ್ದ. ಒಳ್ಳೆಯ ಆಳು, ಬಾಗಿಯನ್ನು ಕಂಡರೆ ತಂಗಿ ಎನ್ನುತ್ತಿದ್ದ. ಅವನಿಗೆ ಕೆಮ್ಮು ಹಿಡಿಯಿತು. ಒಂದು ದಿನ ಸರಕಾರದ ಯಾವುದೋ ಶಿಬಿರಕ್ಕೆ ಹೋಗಿ ಚೀಟಿ ಹಿಡಿದುಕೊಂಡು ಬಂದ, ಅದರಲ್ಲಿ ಕ್ಷಯ ಎಂದಿತ್ತು. ಅದೇ ಸಂಜೆ ಹೋಟೆಲಿನ ಯಜಮಾನರು ಅವನನ್ನು ಊರಿನ ಬಸ್ಸಿಗೆ ಹತ್ತಿಸಿದರು. ಅವನ ಹಾಸಿಗೆ ಸುರುಳಿಯನ್ನು ಯಾರೂ ಮುಟ್ಟಲಿಲ್ಲ, ಕೋಲಿನಿಂದ ದೂಡಿಕೊಂಡು ಹೋಗಿ ಹೋಟೆಲಿನ ಹಿಂದೆ ಸುಟ್ಟರು. ಮುಂಡಪ್ಪ ಬದುಕಿದನೋ ಸತ್ತನೋ ಎಂದು ಆಮೇಲೆ ಒಬ್ಬರೂ ವಿಚಾರಿಸಲಿಲ್ಲ. ಬಾಗಿ ಅಂದು ಒಂದು ಪಾಠ ಕಲಿತಳು: ರೋಗ ಇದ್ದರೆ ಒಂದು ಕಷ್ಟ, ಚೀಟಿ ಬಂದರೆ ಹತ್ತು ಕಷ್ಟ.

ಆದ್ದರಿಂದ ಆಶಾ ಕಾರ್ಯಕರ್ತೆ ರಮಿತಾ ದೊಡ್ಡ ಚೀಲ ಹೆಗಲಿಗೇರಿಸಿಕೊಂಡು ಚಾಳಿಗೆ ಬಂದ ದಿನವೇ ಬಾಗಿಯ ಹುಬ್ಬು ಗಂಟಿಕ್ಕಿತು. ರಮಿತಾ ನೆರೂಳದಲ್ಲಿ ಹುಟ್ಟಿ ಬೆಳೆದ ತುಳುವರ ಹುಡುಗಿ. ಈ ಹಳ್ಳಿಯ ಮರಾಠಿ ಹುಡುಗನನ್ನು ಮೆಚ್ಚಿ ಮದುವೆಯಾಗಿ ಇಲ್ಲಿಯ ಸೊಸೆಯಾದವಳು. ಕನ್ನಡ ತುಳು ಎರಡೂ ಅರ್ಥವಾಗುತ್ತಿದ್ದವು, ಆದರೆ ಬಾಯಿ ತೆರೆದರೆ ಅರ್ಧ ಹಿಂದಿ, ಕಾಲು ಮರಾಠಿ. ಬೇರೆಯವರಾಗಿದ್ದರೆ ನಮ್ಮವಳು ಎಂದು ಚಹಾ ಕೊಡುತ್ತಿದ್ದರು. ಬಾಗಿಯ ಲೆಕ್ಕ ಬೇರೆ. ಮರಾಠಿಯವಳಾಗಿದ್ದರೆ ಮನೆಯ ಸುದ್ದಿ ಮರಾಠಿಯಲ್ಲೇ ಉಳಿಯುತ್ತಿತ್ತು. ಇವಳ ತಾಯಿ ನೆರೂಳದ ಭಜನಾ ಮಂಡಳಿಯಲ್ಲಿದ್ದಾಳೆ. ಶೇಖರನ ಕ್ಯಾಂಟೀನಿನ ಕಂತ್ರಾಟುದಾರ ವಸಂತಕುಮಾರರ ಹೆಂಡತಿ ಜಯಲತಾ ಅದೇ ಮಂಡಳಿಯಲ್ಲಿ ತಾಳ ಹಾಕುತ್ತಾಳೆ. ಇಲ್ಲಿ ಸೀನಿದರೆ ಒಂದು ಭಜನೆ ಮುಗಿಯುವುದರೊಳಗೆ ಕ್ಯಾಂಟೀನಿಗೆ ಗೊತ್ತಾಗುತ್ತದೆ.

ಮೊದಲ ಜಗಳ ಸೀಮೆಸುಣ್ಣದ ಮೇಲೆ ನಡೆಯಿತು. ಮನೆ ಎಣಿಸಿ ಆದ ಮೇಲೆ ರಮಿತಾ ಬಾಗಿಲ ಚೌಕಟ್ಟಿನ ಮೇಲೆ ಒಂದು ಅಂಕೆ, ಒಂದು ಬಾಣ ಬರೆದು ಹೋಗುತ್ತಿದ್ದಳು. ಹಿಂದಿನ ವರ್ಷ ಹಿಂಬದಿಯ ಕಟ್ಟಡದ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಅಂಕೆ ಬರೆದಿದ್ದರು, ಹದಿನೈದು ದಿನಕ್ಕೆ ಕೆಡವುವ ಯಂತ್ರ ಬಂದು ನಿಂತಿತ್ತು. ಬಾಗಿ ಒದ್ದೆ ಬಟ್ಟೆ ತಂದು ಒರೆಸಿದಳು. ರಮಿತಾ ಮತ್ತೆ ಬರೆದಳು. ಬಾಗಿ ಮತ್ತೆ ಒರೆಸಿದಳು.

"ಆಂಟಿ, ಇದು ಹೆಲ್ತ್‌ದು ನಂಬರ್. ತೋಡ್ನೇ ಕಾ ನಹೀ" ಎಂದಳು ರಮಿತಾ, ನಗುತ್ತ.

"ಕೆಡವೂದಕ್ಕೆ ಅಲ್ಲ ಅಂತ ನೀನು ಹೇಳ್ತಿ. ಆ ಯಂತ್ರದವನಿಗೆ ಗೊತ್ತುಂಟಾ?" ಎಂದಳು ಬಾಗಿ.

ಹುಡುಗಿ ಮಾತ್ರ ಬಿಡುವ ಪೈಕಿಯಲ್ಲ. ವಿಠೋಬನ ಗುಡಿಯ ಜಗಲಿಯಲ್ಲಿ ಹೆಂಗಸರನ್ನು ಕೂರಿಸಿ ಕೈ ತೊಳೆಯುವುದು ಹೇಗೆ, ಎಣ್ಣೆ ಉಪ್ಪು ಕಡಿಮೆ ಮಾಡುವುದು ಹೇಗೆ ಎಂದು ಹೇಳಿಕೊಟ್ಟಳು. ಬೆಳಗಿನ ಹೊತ್ತು ಮುದುಕಿಯರನ್ನು ಸಾಲಾಗಿ ನಿಲ್ಲಿಸಿ ಕೈ ಮೇಲೆತ್ತಿಸಿದಳು. ಬಾಗಿ ತಪ್ಪದೆ ಹೋಗುತ್ತಿದ್ದಳು, ಆರೋಗ್ಯಕ್ಕಲ್ಲ, ಇವಳು ಯಾರ ಹೆಸರು ಬರೆದುಕೊಳ್ಳುತ್ತಾಳೆ ನೋಡಲು. ಒಂದು ಸಂಜೆ ತೂಕದ ಯಂತ್ರ ಬಂತು. ಗಣಪತಿ ಹಬ್ಬದ ಹೊತ್ತಿಗೆ ಬಾಗಿಯನ್ನು ನಲವತ್ತೆಂಟು ಕಿಲೋ ಎಂದಿದ್ದ ಅದೇ ಯಂತ್ರ ಈ ಸಲ ನಲವತ್ತೊಂದು ಎಂದಿತು.

"ನಿನ್ನ ಯಂತ್ರ ಹಾಳಾಗಿದೆ" ಎಂದಳು ಬಾಗಿ.

ರಮಿತಾ ತಾನೇ ಹತ್ತಿ ತೋರಿಸಿದಳು. "ನನ್ನದು ಬರೋಬರ್ ಉಂಟಲ್ಲ, ಆಂಟಿ?"

"ನಿನಗೆ ಸರಿ ತೋರಿಸ್ತದೆ ಮಾರಾಯ್ತಿ. ನೀನು ಅದರ ಯಜಮಾನಿ ಅಲ್ವಾ?"

ಹೆಂಗಸರೆಲ್ಲ ನಕ್ಕರು. ರಮಿತಾ ಮಾತ್ರ ನಗದೆ ಬಾಗಿಯ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬೀಗದ ಕೈ ಕೇಳಲು ಬಂದ ಶೇಖರ ಮೆಟ್ಟಿಲ ಹತ್ತಿರ ನಿಂತು ಕೆಮ್ಮಿದ. ಶೇಖರನ ಕೆಮ್ಮು ಸಣ್ಣದಲ್ಲ. ದಿನವಿಡೀ ಒಗ್ಗರಣೆಯ ಘಾಟು ಕುಡಿದ ಎದೆ, ಒಮ್ಮೆ ಶುರುವಾದರೆ ಗುಡಿಯ ಪಾರಿವಾಳಗಳು ಹಾರಿಹೋಗುತ್ತಿದ್ದವು. ರಮಿತಾಳ ಕಣ್ಣು ಬಾಗಿಯನ್ನು ಬಿಟ್ಟು ಅವನ ಮೇಲೆ ಹೋಯಿತು. ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದಳು. ಒಂದು ತಿಂಗಳಾಯಿತು ಎಂದು ಆ ಭೋಳೆ ಮನುಷ್ಯ ನಿಜ ಹೇಳಿಬಿಟ್ಟ.

ಮರುದಿನ ಶೇಖರ ಕೆಲಸಕ್ಕೆ ಹೋದ ಮೇಲೆ ರಮಿತಾ ಮನೆಗೆ ಬಂದಳು. ಚೀಲದಿಂದ ನೀಲಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು, ಶೇಖರನ ಹೆಸರಿನ ಚೀಟಿ ಅಂಟಿಸಿ ಬಾಗಿಯ ಕೈಗೆ ಕೊಟ್ಟಳು. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಅಂಕಲ್ ಬಾಯಿ ಮುಕ್ಕಳಿಸಿ ಎದೆಯ ಒಳಗಿನಿಂದ ಕೆಮ್ಮಿ ಕಫ ತೆಗೆಯಬೇಕು, ಬರೀ ಉಗುಳಾದರೆ ನಡೆಯುವುದಿಲ್ಲ, ಬಾಕಿ ತಾನು ನೋಡಿಕೊಳ್ಳುತ್ತೇನೆ ಎಂದು ಎರಡೆರಡು ಸಲ ವಿವರಿಸಿದಳು. ಕ್ಷಯವೇ ಇದ್ದರೂ ಗುಣವಾಗುವ ಕಾಯಿಲೆ, ಹೆದರಬಾರದು ಎಂದೂ ಹೇಳಿದಳು. ಬಾಗಿ ತಲೆಯಾಡಿಸಿ ಮೊಬೈಲ್ ನಂಬರ್ ಕೊಟ್ಟಳು. ಶೇಖರನದಲ್ಲ, ತನ್ನದು.

ರಮಿತಾ ಹೋದ ಮೇಲೆ ಬಾಗಿ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದಳು. ಶೇಖರ ಬಂದ ಮೇಲೆ ಅದರ ಸುದ್ದಿ ಎತ್ತಲಿಲ್ಲ. "ಆಶಾದವಳು ಬಂದಿದ್ದಳಾ?" ಎಂದು ಅವನು ತುಳುವಿನಲ್ಲಿ ಕೇಳಿದ. "ಬಂದಿದ್ದಳು. ಬಾಗಿಲಿಗೆ ಬಣ್ಣ ಬಳಿಯಲಿಕ್ಕೆ" ಎಂದಳು ಬಾಗಿ. "ನಿನಗೆ ನಿನ್ನ ನೆರಳಿನ ಮೇಲೂ ಸಂಶಯ" ಎಂದು ಅವನು ನಕ್ಕು ಕೆಮ್ಮಿದ. ಈ ಕೆಮ್ಮನ್ನು ಡಬ್ಬಿಗೆ ತುಂಬಿ ಕೊಟ್ಟರೆ ಚೀಟಿ ಬರುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಚೀಟಿ ಬಂದರೆ ವಸಂತಕುಮಾರರು ನಾಳೆಯಿಂದ ಬರಬೇಡ ಎನ್ನುತ್ತಾರೆ. ಕ್ಷಯದವನ ಕೈಯಡುಗೆ ಯಾರು ಉಣ್ಣುತ್ತಾರೆ? ಐವತ್ತೆಂಟರ ಅಡುಗೆಯವನಿಗೆ ಬೇರೆ ಕಡೆ ಸೌಟು ಯಾರು ಕೊಡುತ್ತಾರೆ? ಕೋಲಿನ ತುದಿಯಲ್ಲಿ ಉರುಳಿದ ಆ ಹಾಸಿಗೆ ಸುರುಳಿ ಅವಳ ಕಣ್ಣೆದುರು ಬಂತು, ಈ ಸಲ ಅದು ಶೇಖರನದು.

ಬೆಳಿಗ್ಗೆ ಶೇಖರ ಕ್ಯಾಂಟೀನಿಗೆ ಹೊರಟ ಮೇಲೆ ಬಾಗಿ ಬಾಗಿಲು ಹಾಕಿ ಡಬ್ಬಿ ಹೊರಗೆ ತೆಗೆದಳು. ಖಾಲಿ ಕೊಟ್ಟರೆ ಮತ್ತೆ ಬರುತ್ತಾಳೆ, ಉಗುಳು ಕೊಟ್ಟರೂ ಮತ್ತೆ ಬರುತ್ತಾಳೆ. ಆದ್ದರಿಂದ ಹೇಳಿದ ಹಾಗೆಯೇ ಮಾಡಿದಳು: ಬಾಯಿ ಮುಕ್ಕಳಿಸಿದಳು, ಎದೆ ತುಂಬ ಉಸಿರು ಎಳೆದಳು, ಒಳಗಿನಿಂದ ಕೆಮ್ಮಿದಳು. ಕಷ್ಟವಾಗುತ್ತದೆ ಎಂದುಕೊಂಡಿದ್ದಳು, ಸಲೀಸಾಗಿ ಬಂತು. ದಿನಾ ಬೆಳಿಗ್ಗೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಇದ್ದೇ ಇತ್ತು, ಹಳೆಯ ಬೀಡಿ ಧೂಳು, ಎಂಐಡಿಸಿಯ ಗಾಳಿ. ನೀಲಿ ಮುಚ್ಚಳ ತಿರುಗಿಸಿ ಬಿಗಿ ಮಾಡಿ ರಮಿತಾಳ ಕೈಗೆ ಕೊಟ್ಟಾಗ ಅವಳಿಗೆ ಭಾರಿ ಸಂತೋಷವಾಯಿತು. ಸರಕಾರವನ್ನೇ ಯಾಮಾರಿಸಿದ್ದೇನೆ ಎಂಬ ಬಿಗುಮಾನದಲ್ಲಿ ಆ ದಿನ ಹಾಲಿನವನ ಹತ್ತಿರ ಜಗಳವನ್ನೂ ಆಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ರಮಿತಾ ಬಂದಳು. ಎಂದಿನಂತೆ ಹೊರಗೆ ನಿಂತು ಕೂಗಲಿಲ್ಲ. ಒಳಗೆ ಬಂದು ಕಿಟಕಿ ತೆರೆದಳು, ಬಾಗಿಲು ಓರೆ ಮಾಡಿದಳು, ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದಳು.

"ಆಂಟಿ, ಗಾಬರಿ ಆಗ್ಬೇಡಿ. ಅಂಕಲ್‌ದು ರಿಪೋರ್ಟ್ ಬಂತು. ಟಿಬಿ ಉಂಟು."

ಬಾಗಿ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು. ವರ್ಷಗಟ್ಟಲೆ ಕಾದ ಬೇಟೆ ಬಲೆಗೆ ಬಿದ್ದಾಗ ನಗುವ ಹಾಗೆ ಗಟ್ಟಿಯಾಗಿ ನಕ್ಕಳು.

"ಬಂತಾ? ಎಂತ ಸುಳ್ಳು ಮಾರಾಯ್ತಿ ನಿನ್ನದು! ತಿಂಗಳಿಗೆ ಇಷ್ಟು ಜನರನ್ನು ಹಿಡಿದು ಕೊಡ್ಬೇಕು ಅಂತ ಮೇಲಿನವರು ಹೇಳಿರ್ತಾರೆ, ನೀವು ಕಂಡ ಕಂಡವರ ಹೆಸರು ಬರೀತೀರಿ. ನನಗೆ ಮೊದಲೇ ಗೊತ್ತಿತ್ತು. ಕೇಳು, ಆ ಡಬ್ಬಿಯಲ್ಲಿ ಇದ್ದದ್ದು ನಮ್ಮವರ ಕಫವೇ ಅಲ್ಲ!"

ರಮಿತಾಳ ಕೈಯ ಪೆನ್ನು ನಿಂತಿತು. "ಫಿರ್ ಕಿಸ್ಕಾ? ಯಾರದ್ದು, ಆಂಟಿ?"

"ನನ್ನದು!" ಎಂದಳು ಬಾಗಿ, ಎದೆ ತಟ್ಟಿಕೊಂಡು. "ಅವರಿಗೆ ಡಬ್ಬಿ ತೋರಿಸಲೇ ಇಲ್ಲ. ಈಗ ಹೇಳು, ಸಿಕ್ಕಿಬಿದ್ದದ್ದು ಯಾರು?"

ರಮಿತಾಳಿಗೆ ಕೋಪ ಬರಬಹುದು, ಅಳು ಬರಬಹುದು, ವಾದ ಮಾಡಬಹುದು ಎಂದು ಬಾಗಿ ಕಾದಳು. ಹುಡುಗಿ ಸುಮ್ಮನೆ ಅವಳ ತೋಳನ್ನು ನೋಡುತ್ತಿದ್ದಳು, ರವಿಕೆಯ ತೋಳಿನೊಳಗೆ ಇನ್ನೊಂದು ತೋಳು ಹಿಡಿಸುವಷ್ಟು ಜಾಗವಿತ್ತು. ಆಮೇಲೆ ಬಹಳ ಮೆಲ್ಲಗೆ, ಇದ್ದಬದ್ದ ಕನ್ನಡವನ್ನೆಲ್ಲ ಒಟ್ಟು ಮಾಡಿ ಕೇಳಿದಳು:

"ಆಂಟಿ, ನಿಮಗೆ ಕೆಮ್ಮು ಎಷ್ಟು ದಿನದಿಂದ ಉಂಟು?"

"ನನಗೆಂತ ಕೆಮ್ಮು? ಅದು ಗಂಟಲು..." ಎಂದಳು ಬಾಗಿ. ಯಂತ್ರ ಹಾಳಾಗಿರಲಿಲ್ಲ. ಟೈಲರ್ ತಪ್ಪು ಹೊಲಿದಿರಲಿಲ್ಲ, ಸೋಪಿನ ಪುಡಿಯದೂ ತಪ್ಪಿರಲಿಲ್ಲ. ರಾತ್ರಿ ಬೆವರಿನಿಂದ ಒದ್ದೆಯಾಗುತ್ತಿದ್ದ ತಲೆದಿಂಬಿಗೆ ಚಾಳಿನ ತಗಡಿನ ಮಾಡನ್ನು ಬೈದಿದ್ದಳು, ಅದೂ ಮಾಡಿನ ತಪ್ಪಲ್ಲ. ಊರನ್ನೆಲ್ಲ ಅನುಮಾನಿಸಿದವಳು ತನ್ನ ಮೈಯೊಂದನ್ನು ಬಿಟ್ಟಿದ್ದಳು. ಅವಳು ನೆಲಕ್ಕೆ ಕುಳಿತಳು. ಹೆದರಿಕೆಗಿಂತ ಮೊದಲು ನಾಚಿಕೆಯಾಯಿತು, ನಾಚಿಕೆಗಿಂತ ಜೋರಾಗಿ ಇನ್ನೊಂದು ನೆನಪು ಬಂತು.

"ಮಗು" ಎಂದಳು. "ಮಾನಸಿಯ ಮಗು. ಆದಿತ್ಯವಾರ ದಿನವಿಡೀ ನನ್ನ ಮಡಿಲಲ್ಲೇ ಇರ್ತದೆ. ನನ್ನ ಬಟ್ಟಲಿನಿಂದಲೇ ತುತ್ತು ಕೊಡ್ತೇನೆ." ಅಷ್ಟು ಹೇಳಿ ಅತ್ತಳು. ಮುಂಡಪ್ಪನ ಹಾಸಿಗೆ ಸುಟ್ಟ ದಿನವೂ ಹಾಗೆ ಅತ್ತಿರಲಿಲ್ಲ.

ರಮಿತಾ ಅವಳ ಎದುರು ನೆಲದ ಮೇಲೆ ಕುಳಿತಳು. ದೂರ ಸರಿಯಲಿಲ್ಲ, ಅದನ್ನು ಬಾಗಿ ಅಳುತ್ತಲೇ ಗಮನಿಸಿದಳು. ಮಗುವನ್ನೂ ತಪಾಸಣೆ ಮಾಡುತ್ತಾರೆ, ಬೇಕಾದರೆ ಮುನ್ನೆಚ್ಚರಿಕೆಯ ಔಷಧಿ ಕೊಡುತ್ತಾರೆ, ಅಲ್ಲಿಯವರೆಗೆ ಆದಿತ್ಯವಾರ ಬೇಡ ಎಂದಳು. ನಾಳೆ ಬಾಗಿಯ ಹೆಸರಿನಲ್ಲೇ ಮತ್ತೊಮ್ಮೆ ಕಫ ಕೊಡಬೇಕು, ಅದರಲ್ಲೂ ಬಂದರೆ ಆರು ತಿಂಗಳು ಗುಳಿಗೆ, ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಅಂಕಲ್ ಕೆಮ್ಮು ಯಾವುದೆಂದೂ ಈ ಸಲ ನಿಜವಾಗಿ ನೋಡಬೇಕು. ಚೀಲದಿಂದ ನೀಲಿ ಮುಚ್ಚಳದ ಎರಡು ಡಬ್ಬಿ ತೆಗೆದು ನೆಲದ ಮೇಲಿಟ್ಟಳು. ಒಂದು ಮಾಸ್ಕ್ ತೆಗೆದು ಬಾಗಿಯ ಕಿವಿಗೆ ತಾನೇ ಸಿಕ್ಕಿಸಿದಳು.

"ನಿನ್ನ ಅಮ್ಮನಿಗೆ ಹೇಳ್ತಿಯಾ?" ಎಂದು ಕೇಳಿದಳು ಬಾಗಿ, ಮಾಸ್ಕಿನ ಒಳಗಿನಿಂದ.

"ನಾನು ಯಾರದ್ದೂ ಹೇಳೂದಿಲ್ಲ, ಆಂಟಿ. ಈ ಗಲ್ಲಿಯಲ್ಲೇ ಮೂರು ಜನ ಗೋಳಿ ತಿಂದು ಚಾಂಗಲೇ ಆದ್ರು, ಪೂರಾ ಗುಣ. ಯಾರಂತ ನಿಮಗೆ ಗೊತ್ತಾಯ್ತಾ?"

ಬಾಗಿ ಯೋಚಿಸಿದಳು. ಗಲ್ಲಿಯ ಪ್ರತಿ ಮನೆಯ ಒಳಹೊರಗು ಬಲ್ಲವಳು ಅವಳು. ಆ ಮೂವರು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ.

ರಮಿತಾ ತನ್ನ ಪುಸ್ತಕ ತೆರೆದು ಶೇಖರನ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಕೆಳಗೆ ಬಾಗಿಯ ಹೆಸರು ಬರೆದಳು. ಬಾಗಿ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ರೇಷನ್ ಕಾರ್ಡು ಓದಿ ಓದಿ ಮನೆಯವರ ಹೆಸರಿನ ಮಟ್ಟಿಗೆ ಮರಾಠಿ ಅಕ್ಷರ ಬರುತ್ತಿತ್ತು. ತನ್ನ ಹೆಸರಿನ ಮೇಲೆ ಕಣ್ಣಾಡಿಸಿ ಮುಂದೆ ಹೋದಳು. ಗಂಡನ ಹೆಸರಿನ ಕೆಳಗೆ ಬೆರಳಿಟ್ಟಳು.

"ಇದು ಇನ್ನೂ ಓದ್ಲಿಕ್ಕೆ ಆಗ್ತದೆ ಮಗಾ. ಸರಿಯಾಗಿ ಹೊಡೆದು ಹಾಕು."

ರಮಿತಾ ಇನ್ನೊಂದು ಗೆರೆ ಎಳೆದಳು, ಮತ್ತೊಂದು ಎಳೆದಳು. ಬಾಗಿ ಬೆರಳು ತೆಗೆಯಲಿಲ್ಲ. ಅಕ್ಷರಗಳೆಲ್ಲ ಶಾಯಿಯಲ್ಲಿ ಮುಚ್ಚಿಹೋಗುವವರೆಗೂ ಎಳೆಸಿ, ಆಮೇಲೆ ತನ್ನ ಡಬ್ಬಿಯನ್ನು ಕೈಗೆತ್ತಿಕೊಂಡಳು.