ಎರವಲು ಸರ

ಅರ್ಥಶಾಸ್ತ್ರದ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಸಾಲದ ಬಗ್ಗೆ ಪಾಠ ಮಾಡಿದ್ದೇನೆ. ಅದರಲ್ಲಿ ಇಪ್ಪತ್ತೊಂದು ವರ್ಷ ಪುಸ್ತಕದಲ್ಲಿದ್ದಷ್ಟನ್ನೇ ಹೇಳಿ, ಯಾರಿಗೂ ಕೆಡುಕು ಮಾಡದೆ, ಸಾಯಂಕಾಲದ ಬಸ್ಸಿಗೆ ಹೊಳಲ್ಕೆರೆಯಿಂದ ದುರ್ಗಕ್ಕೆ ವಾಪಸಾಗಿದ್ದೇನೆ. ಚೆನ್ನಾಗಿ ಪಾಠ ಮಾಡಬೇಕೆಂದು ಹೊರಟದ್ದು ಒಂದೇ ವರ್ಷ. ಆ ವರ್ಷ ನೆನಪಾದರೆ ಈಗಲೂ ಬಸ್ಸಿನಲ್ಲಿ ಕೂತಲ್ಲೇ ಕಿವಿ ಬಿಸಿಯಾಗುತ್ತದೆ.

ಮಕ್ಕಳಿಗೆ ಸಾಲ, ಬಡ್ಡಿ, ಕಂತುಗಳ ವಿಷಯವನ್ನು ಬದುಕಿಗೆ ಹತ್ತಿರವಾಗುವಂತೆ ಕಲಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಇಂಥ ಸುತ್ತೋಲೆಗಳನ್ನು ಓದಿ ಮಡಚಿಡುವುದು ನನ್ನ ಅಭ್ಯಾಸ. ಅದೇಕೋ ಅದೊಂದು ಮನಸ್ಸಿಗೆ ಹತ್ತಿತು. ನಮ್ಮ ಪುಸ್ತಕದ ಉದಾಹರಣೆಗಳಲ್ಲಿ ಯಾವಾಗಲೂ 'ಒಬ್ಬ ವ್ಯಕ್ತಿ' ಬ್ಯಾಂಕಿಗೆ ಹೋಗುತ್ತಾನೆ. ಅವನಿಗೆ ಊರಿಲ್ಲ, ಹೆಂಡತಿಯಿಲ್ಲ, ಚಪ್ಪಲಿ ಕೂಡ ಇದ್ದಂತಿಲ್ಲ. ಆ ವ್ಯಕ್ತಿಯನ್ನು ಕಂಡು ನನಗೆ ಸಾಕಾಗಿತ್ತು.

ಹಾಗಾಗಿ ದ್ವಿತೀಯ ಪಿಯುಸಿ ಮಕ್ಕಳಿಗೆ ಹೇಳಿದೆ: ಮನೆಗೆ ಹೋಗಿ ದೊಡ್ಡವರನ್ನು ಕೇಳಿ, ನಿಮ್ಮ ಮನೆಯಲ್ಲಿ ಯಾವ ಯಾವ ಬಗೆಯ ಸಾಲವಿದೆ, ಯಾರಿಂದ ತಂದದ್ದು, ಏನು ಷರತ್ತು, ಹೇಗೆ ತೀರಿಸುವುದು, ಇಷ್ಟನ್ನು ಬರೆದು ತನ್ನಿ. ಎಷ್ಟು ಅಂತ ಬೇಡ. ಹೆಸರೂ ಬೇಡ. ಮಕ್ಕಳು ಮುಖ ಮುಖ ನೋಡಿಕೊಂಡರು. ಮನೆಯ ಸಾಲ ಹೊರಗೆ ಹೇಳುವಂಥದ್ದಲ್ಲ ಎಂಬುದು ಆ ವಯಸ್ಸಿಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುತ್ತದೆ. ನಾನು ಮೇಜಿನ ಮೇಲೆ ಅಂಗೈ ಊರಿ, ಈ ಹಾಳೆಗಳು ನನ್ನ ಕೈ ದಾಟಿ ಹೋಗುವುದಿಲ್ಲ ಎಂದು ಮಾತು ಕೊಟ್ಟೆ.

ಧೈರ್ಯ ತುಂಬಲು ಬೋರ್ಡಿನ ಮೇಲೆ ನನ್ನ ಸಾಲಗಳನ್ನೇ ಮೊದಲು ಬರೆದೆ. ಒಂದು, ಮನೆ ಸಾಲ. ಎರಡು, ವಾಹನ ಸಾಲ. ಎರಡೂ ಮರ್ಯಾದಸ್ಥರ ಸಾಲಗಳು. ಹೆಂಡತಿಯ ಬಳೆ ಬ್ಯಾಂಕಿನ ಲಾಕರಿನಲ್ಲಿದೆಯೆಂದು ನನ್ನ ಅಣ್ಣನಿಗೆ ಹೇಳಿ, ಅದೇ ಬ್ಯಾಂಕಿನಲ್ಲಿ ಅಡವಿಟ್ಟದ್ದನ್ನು ಬರೆಯಲಿಲ್ಲ. ಮೊಬೈಲಿನ ಆ್ಯಪಿನಲ್ಲಿ ಸಾಲ ತೆಗೆದು, ಬಾತ್‌ರೂಮಿನಲ್ಲಿ ನಿಂತು ಕಂತು ಕಟ್ಟುತ್ತಿದ್ದುದನ್ನೂ ಬರೆಯಲಿಲ್ಲ. ಮಕ್ಕಳ ಹತ್ತಿರ ನಿಜ ಕೇಳಿದ ಮನುಷ್ಯ ನಾನು.

ಹಾಳೆಗಳು ಬಂದವು. ಮಹಿಳಾ ಸಂಘದ ಸಾಲ, ಕಿರಾಣಿ ಅಂಗಡಿಯ ಉದ್ರಿ, ಫೈನಾನ್ಸಿನ ಬೈಕು, ಪಕ್ಕದ ಮನೆಯ ಕೈಗಡ. ಓದುತ್ತಾ ಒಂದು ಹಾಳೆಯಲ್ಲಿ ನಿಂತುಬಿಟ್ಟೆ. ಹೆಸರಿರಲಿಲ್ಲ, ಆದರೆ ಆ ದುಂಡು ಅಕ್ಷರ ನನಗೆ ಗೊತ್ತಿತ್ತು. ಎರಡನೇ ಬೆಂಚಿನ ಹುಡುಗಿ, ಚಿಕ್ಕಜಾಜೂರು ಕಡೆಯ ಹಳ್ಳಿಯವಳು. ತಂದೆ ಕುರಿ ಕಾಯುತ್ತಾರೆ, ತಾಯಿ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ಅವಳು ಗೆರೆ ಹಾಕಿ ನಾಲ್ಕು ಬಗೆ ಬರೆದಿದ್ದಳು. ಮೊದಲನೆಯದು ಸಂಘದ ಸಾಲ. ಎರಡನೆಯದು ಪಾಲಿನ ಕುರಿ: ಬೇರೆಯವರ ಕುರಿ ಮೇಯಿಸುವುದು, ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಮೂರನೆಯದು ಮುಯ್ಯಾಳು: ಅವರ ಹೊಲಕ್ಕೆ ನಾವು ಒಂದು ದಿನ ಹೋದರೆ ನಮ್ಮ ಹೊಲಕ್ಕೆ ಅವರು ಒಂದು ದಿನ. ನಾಲ್ಕನೆಯದು ಎರವಲು ಸರ. ಅದರ ಮುಂದೆ ಹೀಗಿತ್ತು: 'ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹೊಸದುರ್ಗದ ಚಿಕ್ಕಮ್ಮನ ಎರಡೆಳೆ ಸರ ತಂದು ಹಾಕಿದ್ದೆವು. ಬಡ್ಡಿ ಇಲ್ಲ. ಅಡಮಾನ ಇಲ್ಲ. ಯಾರಿಗೂ ಹೇಳಬಾರದು ಎಂಬುದು ಷರತ್ತು.'

ನನಗೆ ಹಿಗ್ಗೋ ಹಿಗ್ಗು. ಯಾವ ಪುಸ್ತಕದಲ್ಲಿದೆ ಇದು? ನಮ್ಮ ಸೀಮೆಯಲ್ಲಿ ಹೆಣ್ಣು ನೋಡಲು ಬಂದಾಗ ಕೊರಳು ಬೋಳಾಗಿರಬಾರದು. ಅತ್ತಿಗೆಯದೋ ಚಿಕ್ಕಮ್ಮನದೋ ಸರ ಹಿಂದಿನ ದಿನ ಬರುತ್ತದೆ, ಮಾರನೇ ದಿನ ಹೋಗುತ್ತದೆ. ಗಂಡಿನ ಕಡೆಯವರಿಗೂ ಇದು ಗೊತ್ತು. ಅವರು ಬಂದ ಕಾರು ಭಾವನದೋ ಬಾಡಿಗೆಯದೋ ಆಗಿರುತ್ತದೆ. ಅವರ ಕಾರನ್ನು ಇವರು ಕೇಳುವುದಿಲ್ಲ, ಇವರ ಸರವನ್ನು ಅವರು ಕೇಳುವುದಿಲ್ಲ. ಇಷ್ಟನ್ನು ಆ ಹುಡುಗಿ ನಾಲ್ಕು ಸಾಲಿನಲ್ಲಿ ಹಿಡಿದಿಟ್ಟಿದ್ದಳು.

ಆ ವಾರವೇ ದುರ್ಗದಿಂದ ಅಧಿಕಾರಿಯೊಬ್ಬರು ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ತರಗತಿಗೆ ಹೋಗಿದ್ದೆ. ಅದಕ್ಕೆ ನೆಪ ಹೇಳುವುದಿಲ್ಲ. ಮೆಚ್ಚಿಸಬೇಕಿತ್ತು, ಅಷ್ಟೆ.

ಹೆಸರು ಹೇಳದೆ ಓದಿದೆ. ಹೆಸರು ಯಾಕೆ ಬೇಕು? ಹೊಸದುರ್ಗದಲ್ಲಿ ಯಾರಿಗೆ ಚಿಕ್ಕಮ್ಮನಿದ್ದಾಳೆ, ಹೋದ ತಿಂಗಳು ಯಾರ ಅಕ್ಕನನ್ನು ನೋಡಿಹೋದರು ಎಂಬುದು ತರಗತಿಗೆಲ್ಲ ಗೊತ್ತು. ತಲೆಗಳು ಒಂದೊಂದಾಗಿ ಎರಡನೇ ಬೆಂಚಿನ ಕಡೆ ತಿರುಗಿದವು. 'ಯಾರಿಗೂ ಹೇಳಬಾರದು ಎಂಬುದು ಷರತ್ತು' ಎಂಬಲ್ಲಿ ನಾಟಕದವನ ಹಾಗೆ ಸ್ವಲ್ಪ ತಡೆದು ಓದಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ತಲೆ ಬಗ್ಗಿಸಿಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು, ಹಾಕುತ್ತಿದ್ದಳು. ನಾನು ನೋಡಲಿಲ್ಲ ಎಂದು ಬರೆದುಬಿಡಬಹುದಿತ್ತು. ನೋಡಿದೆ. ನೋಡಿಯೂ, ಇದು ಬಡ್ಡಿರಹಿತ ವಸ್ತುರೂಪದ ಸಾಲ, ನಂಬಿಕೆಯೇ ಇದರ ಅಡಮಾನ ಎಂದು ವಿವರಿಸುತ್ತಾ ಹೋದೆ. ಅಧಿಕಾರಿಗಳು ವರದಿಯಲ್ಲಿ 'ಉತ್ತಮ' ಎಂದು ಬರೆದು, ಚಹಾ ಕುಡಿದು ಹೋದರು.

ಆ ಗಂಡಿನ ಊರಿನಿಂದ ಇಬ್ಬರು ಹುಡುಗಿಯರು ಅದೇ ತರಗತಿಗೆ ಬರುತ್ತಿದ್ದರು. ನಾನು ದುರ್ಗ ತಲುಪುವಷ್ಟರಲ್ಲಿ ಸರದ ಸುದ್ದಿ ಅವರ ಜೊತೆ ಬಸ್ಸಿಳಿದು ಅವರ ಊರು ಸೇರಿತ್ತು. ಇದೆಲ್ಲ ನನಗೆ ತಿಳಿದದ್ದು, ಎರಡನೇ ಬೆಂಚಿನ ಅವಳ ಜಾಗ ಎಂಟು ದಿನ ಖಾಲಿಯಿದ್ದು, ಅವಳ ಗೆಳತಿಯನ್ನು ಕರೆದು ಕೇಳಿದಾಗ. ಹೆಣ್ಣು ಒಪ್ಪಿಹೋಗಿದ್ದ ಗಂಡಿನ ಕಡೆಯವರು, ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಎಂದು ಹೇಳಿ ಕಳಿಸಿದ್ದರು. 'ಅವತ್ತು ನೀವು ಓದಿದ್ರಲ್ಲ ಸಾ...' ಎಂದಳು ಆ ಹುಡುಗಿ.

ಎಲ್ಲರ ಮನೆ ದೋಸೆಯೂ ತೂತೇ. ನಾನು ಒಂದು ಮನೆಯ ದೋಸೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳುವಾಗಲೂ ತಪ್ಪನ್ನು ಗಂಡಿನ ಕಡೆಗೇ ತಳ್ಳಿದೆ. ಎಂಥ ಸಣ್ಣ ಜನ, ಒಂದು ಸರಕ್ಕೆ ಸಂಬಂಧ ಮುರಿಯುತ್ತಾರೆಯೇ ಎಂದೆಲ್ಲ ಕೂಗಾಡಿದೆ. ಅವಳು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: 'ನಮ್ ಮದ್ವೇಲಿ ನಿಮ್ ಬೆರಳಲ್ಲಿದ್ದ ಉಂಗುರ ಯಾರ್ದು?'

ನನ್ನ ಭಾವನದು. ಮದುವೆಯಾದ ಮೂರನೇ ದಿನ, ಸಡಿಲ ಮಾಡಿಸಲು ಕೊಟ್ಟಿದ್ದೇನೆ ಎಂದು ಇವಳಿಗೆ ಹೇಳಿ ವಾಪಸು ಕೊಟ್ಟಿದ್ದೆ. ಹತ್ತೊಂಬತ್ತು ವರ್ಷ ಅವಳು ಒಂದು ದಿನವೂ ಅದರ ಬಗ್ಗೆ ಕೇಳಿರಲಿಲ್ಲ. ಅವತ್ತು ಕೇಳಿದವಳು ಉತ್ತರಕ್ಕೂ ಕಾಯದೆ ಸಿಪ್ಪೆ ಎತ್ತಿಕೊಂಡು ಹೋದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭಾನುವಾರ ಆ ವಿದ್ಯಾರ್ಥಿನಿಯ ಊರಿಗೆ ಹೋದೆ. ತಂದೆ ಕುರಿ ಹೊಡೆದುಕೊಂಡು ದೂರ ಹೋಗಿದ್ದವರು ಇನ್ನೂ ಬಂದಿರಲಿಲ್ಲ. 'ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ' ಎಂದು ತಾಯಿ ಕಂಬಳಿ ಹಾಸಿದರು. ಅಕ್ಕ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನನ್ನ ದನಿ ಕೇಳಿ ಯಂತ್ರ ನಿಂತಿತು. ನನ್ನ ವಿದ್ಯಾರ್ಥಿನಿ ನೀರು ತಂದಿಟ್ಟು, ತಾಯಿ ಕಣ್ಣಲ್ಲೇ ಹೇಳಿದ್ದಕ್ಕೆ ಲೋಟ ಹಿಡಿದು ಪಕ್ಕದ ಮನೆಗೆ ಹೋಗಿ ಸಕ್ಕರೆ ತಂದಳು. ಅದೂ ಕೈಗಡವೇ. ಅದನ್ನು ನೋಡಿಯೂ ನೋಡದಂತೆ ಕೂರುವಷ್ಟು ಬುದ್ಧಿ ಅಷ್ಟು ಹೊತ್ತಿಗೆ ನನಗೆ ಬಂದಿತ್ತು.

ತಪ್ಪಾಯಿತು ಎಂದೆ. ಗಂಡಿನ ಮನೆಗೆ ಹೋಗಿ ನಾನೇ ಮಾತಾಡುತ್ತೇನೆ ಎಂದೂ ಹೇಳಿದೆ. ಆ ತಾಯಿ ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

'ಅದೇನ್ ಬೇಡ ಬಿಡ್ರಿ ಮೇಷ್ಟ್ರೆ. ನೀವ್ ಹೋದ್ರೆ ಇನ್ನಾ ನಾಕ್ ಮನೀಗೆ ಗೊತ್ತಾಕೈತೆ. ಸಂಬಂಧ ಇದಲ್ದಿದ್ರೆ ಇನ್ನೊಂದು ಬತ್ತೈತೆ. ನನ್ ತಂಗಿಗೆ ಮಾತ್ರ ಮುಖ ತೋರ್ಸಕ್ಕಾಗ್ತಿಲ್ಲ. ಅವ್ಳು ಗಂಡಂಗೆ ಗೊತ್ತಾಗ್ದಂಗೆ ಕೊಟ್ಟಿದ್ಲು ಸರಾನ. ಈಗ ಅವ್ನಿಗೂ ಗೊತ್ತಾಗೈತೆ.'

ಷರತ್ತು ಯಾಕಿತ್ತೆಂದು ನನಗೆ ಆಗ ತಿಳಿಯಿತು. ಹೊಸದುರ್ಗದಲ್ಲಿ ನಾನು ಕಂಡೂ ಇರದ ಹೆಂಗಸೊಬ್ಬಳು ನನ್ನ ಪಾಠದ ದೆಸೆಯಿಂದ ಮನೆಯಲ್ಲಿ ಮಾತು ಕೇಳುತ್ತಿದ್ದಳು. ಈ ತಾಯಿಗೂ ಆ ತಂಗಿಗೂ ನಡುವೆ ಮಾತು ನಿಂತಿತ್ತು. ತಂದಿಟ್ಟ ಚಹಾವನ್ನು ಪೂರ್ತಿ ಕುಡಿದೆ. ಪಕ್ಕದ ಮನೆಯ ಸಕ್ಕರೆ ಅದು, ಬಿಡುವ ಹಾಗಿರಲಿಲ್ಲ. ಹೊರಟಾಗ ಒಳಗೆ ಯಂತ್ರ ಮತ್ತೆ ಶುರುವಾಯಿತು.

ಮುಂದಿನ ವಾರ ಅವಳು ಕಾಲೇಜಿಗೆ ಬಂದಳು. ಅದೇ ಬೆಂಚು, ಅದೇ ಜಾಗ. ನಮಸ್ತೆ ಸಾರ್ ಎಂದು ಮೊದಲಿನ ಹಾಗೆಯೇ ಹೇಳುತ್ತಿದ್ದಳು. ನಾನು ಉಳಿದ ಹಾಳೆಗಳನ್ನೆಲ್ಲ ಮಕ್ಕಳಿಗೆ ವಾಪಸು ಕೊಟ್ಟೆ. ಅವಳ ಹಾಳೆ ಕೊಡಲು ಹೋದಾಗ, 'ನಂದಲ್ಲ ಸಾರ್' ಎಂದಳು. ಅದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ವರ್ಷದ ಕೊನೆಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ತೆಗೆದವನು ನಾನೇ. ಸಾಲದ ವಿಧಗಳನ್ನು ಉದಾಹರಣೆ ಸಹಿತ ವಿವರಿಸಿ, ಐದು ಅಂಕ. ಅವಳ ದುಂಡು ಅಕ್ಷರದ ಉತ್ತರ ಒಂದು ಪುಟವಿತ್ತು. ಬ್ಯಾಂಕ್ ಸಾಲ, ಸಹಕಾರ ಸಂಘದ ಸಾಲ, ಅಡಮಾನ ಸಾಲ, ಹೀಗೆ ಪುಸ್ತಕದಲ್ಲಿದ್ದ ಐದೂ, ಪುಸ್ತಕದಲ್ಲಿದ್ದ ಕ್ರಮದಲ್ಲೇ. ಪ್ರತಿಯೊಂದಕ್ಕೂ ಉದಾಹರಣೆ: 'ಒಬ್ಬ ವ್ಯಕ್ತಿಯು ಬ್ಯಾಂಕಿಗೆ ಹೋಗುತ್ತಾನೆ.' 'ಒಬ್ಬ ವ್ಯಕ್ತಿಯು ಚಿನ್ನವನ್ನು ಅಡವಿಡುತ್ತಾನೆ.' ಒಂದಕ್ಷರ ತಪ್ಪಿರಲಿಲ್ಲ. ಕುರಿ ಇರಲಿಲ್ಲ, ಮುಯ್ಯಾಳು ಇರಲಿಲ್ಲ, ಸರ ಇರಲಿಲ್ಲ.

ಕೆಂಪು ಪೆನ್ನಿನಲ್ಲಿ ಒಂದೊಂದಕ್ಕೂ ಸರಿ ಗುರುತು ಹಾಕಿದೆ. ಆಮೇಲೆ ಐದಕ್ಕೆ ಐದು ಕೊಟ್ಟೆ. ನಾನು ಕಲಿಸಿದ್ದನ್ನು ಅವಳು ಸರಿಯಾಗಿ ಕಲಿತಿದ್ದಳು.