ಟೀವಿಗೆ ಜ್ವರ ಬರಿಸುವ ಪಿಕ್ಚರ್ ಅಕ್ಕ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಟೀವಿ ರಿಪೇರಿ ಅಂಗಡಿಯ ಅರ್ಧ ಎತ್ತಿದ ಶಟರಿನ ಒಳಗೆ ಡಬ್ಬದಂಥ ಹಳೇ ಟೀವಿಗೆ ದಪ್ಪ ಕಂಬಳಿ ಹೊದಿಸಿ, ಪರದೆಯ ಎದುರು ಸ್ಟೂಲು ಹಾಕಿಕೊಂಡು ಪಿಕ್ಚರ್ ಅಕ್ಕ ಕೂತಿದ್ದಾರೆ. ಪೇಪರಿನವನು ಸೈಕಲ್ ನಿಲ್ಲಿಸಿ ಬಗ್ಗಿ ನೋಡುತ್ತಾನೆ.

“ಏನಕ್ಕಾ, ಟೀವಿಗೆ ಚಳಿಜ್ವರಾನಾ?”

“ಜ್ವರ ಬರ್ಲಿ ಅಂತಾನೇ ಕಾಯ್ತಿದೀನಿ ಕಣೋ. ಪೇಪರ್ ಹಾಕಿ ಹೋಗು.”

ಐವತ್ತೆಂಟರ ಅಕ್ಕನಿಗೆ ಇವತ್ತು ತಮಾಷೆಗೆ ಪುರುಸೊತ್ತಿಲ್ಲ. ಇದು ಎದುರಿನ ಕ್ಷೌರದಂಗಡಿಯ ಸೆಟ್ಟು. ಎರಡು ಸಲ ರಿಪೇರಿಯಾಗಿ ಹೋಗಿ, ಎರಡೂ ಸಲ ವಾಪಸ್ ಬಂದಿದೆ. ಈ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತೇನೆ, ಬಿಟ್ಟುಕೊಡಿ ಎಂದು ವರ್ಷದಿಂದ ಪ್ರಾಣ ತಿನ್ನುತ್ತಿರುವ ಮೈದುನನಿಗೆ ಅಕ್ಕ ರೋಸಿಹೋಗಿ ಮಾತು ಕೊಟ್ಟುಬಿಟ್ಟಿದ್ದಾರೆ: “ಇದು ಮೂರನೇ ಸಲ ವಾಪಸ್ ಬಂದ್ರೆ ಅಂಗಡಿ ಬೀಗದಕೈ ನಿಂದು. ಆಯ್ತಾ?” ಆತ ಆಗಲೇ ಗೋಡೆಯ ಅಳತೆ ತೆಗೆದುಕೊಂಡು ಹೋಗಿದ್ದಾನೆ!

ಅಕ್ಕ ಈ ಕೆಲಸ ಕಲಿತದ್ದು ಕನ್ನಡಿಯಲ್ಲಿ. ಅಪ್ಪ ಟೀವಿಯ ಹಿಂದೆ ಕೂತು ಸರಿಮಾಡುವಾಗ, ಚಿತ್ರ ಅವರಿಗೆ ಕಾಣಲೆಂದು ಮಗಳು ಮುಂದೆ ಕನ್ನಡಿ ಹಿಡಿದು ನಿಲ್ಲುತ್ತಿದ್ದಳು. “‘ನೆಟ್ಟಗೆ ಹಿಡಿಯೇ!’ ಅಂತ ಬೈಸ್ಕೊಂಡೇ ಕಲ್ತೆ,” ಎಂದು ನಗುತ್ತಾರೆ. ಎರಡು ಸಲ ಶಾಕ್ ಹೊಡೆದ ಮೇಲೆ, ಕರೆಂಟು ಇರುವಾಗ ಅಕ್ಕ ಮುಟ್ಟುವುದು ಬಲಗೈಯಿಂದ ಮಾತ್ರ, ಎಡಗೈ ಬೆನ್ನ ಹಿಂದೆಯೇ. ಆಗ ದಿನಕ್ಕೆ ಹತ್ತು ಸೆಟ್ಟು ಬರುತ್ತಿದ್ದವು, ಈಗ ವಾರಕ್ಕೆ ಮೂರು.

ಈ ಸೆಟ್ಟಿನದು ಕಳ್ಳ ಕಾಯಿಲೆ. ಕ್ಷೌರದಂಗಡಿಯಲ್ಲಿ ಅರ್ಧ ಗಂಟೆ ಓಡಿದರೆ ಸಾಕು, ಚಿತ್ರವೆಲ್ಲ ಮುದುಡಿ ನಡುವೆ ಒಂದೇ ಬಿಳಿ ಗೆರೆ. ಅಕ್ಕನ ಮೇಜಿನ ಮೇಲೆ ಮಾತ್ರ ದಿನವಿಡೀ ಚಿತ್ರ ಸ್ವಚ್ಛ. ನಿನ್ನೆ ಸಂಜೆ ತಲೆಗೆ ಹೊಳೆದಿದೆ: ತಾವು ಹಿಂದಿನ ಮುಚ್ಚಳ ಬಿಚ್ಚಿಟ್ಟೇ ನೋಡುತ್ತಿದ್ದಾರೆ! ಗಾಳಿಯಾಡಿ ಒಳಗೆ ಬಿಸಿಯೇ ಏರುತ್ತಿಲ್ಲ, ಕಾಯಿಲೆ ಹೊರಗೆ ಬರುತ್ತಿಲ್ಲ.

ಅದಕ್ಕೇ ಇವತ್ತು ಮುಚ್ಚಳ ಹಾಕಿ, ಮೇಲೆ ಕಂಬಳಿ. ಇಪ್ಪತ್ತು ನಿಮಿಷ. ಟಪ್! ಬಿಳಿ ಗೆರೆ.

“ಬಂದ್ಯಾ ರಾಜಾ!”

ಕಂಬಳಿ ಎಸೆದು, ಮುಚ್ಚಳ ಕಳಚಿ, ಜ್ಯೂಸ್ ಕುಡಿಯುವ ಸ್ಟ್ರಾದಿಂದ ಒಂದೊಂದೇ ಭಾಗಕ್ಕೆ ತಣ್ಣಗೆ ಊದುತ್ತಾರೆ. ಇಲ್ಲಿ ಇಲ್ಲ. ಇಲ್ಲೂ ಇಲ್ಲ. ಮೂಲೆಯಲ್ಲಿರುವ ಐಸಿ ಎಂಬ ಕಪ್ಪು ಚಿಪ್‌ನ ತಂತಿಕಾಲಿಗೆ ಊದಿದ್ದೇ ತಡ, ಗೆರೆ ಅಗಲವಾಗಿ ಚಿತ್ರ ಪೂರ್ತಿ ತೆರೆದುಕೊಳ್ಳುತ್ತದೆ! ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು, ಬಿಸಿಯಾದರೆ ಬಾಯಿ ಬಿಡುತ್ತಿತ್ತು. ಪ್ಲಗ್ ಕಿತ್ತು ಹೊಸ ಬೆಸುಗೆ ಹಾಕುತ್ತಾರೆ. ಮತ್ತೆ ಕಂಬಳಿ, ಎರಡು ಗಂಟೆ. ಗೆರೆಯ ಸುಳಿವೇ ಇಲ್ಲ.

ಸೆಟ್ಟು ಎದುರಿನ ಅಂಗಡಿಗೆ ವಾಪಸ್ ಹೋಗುತ್ತದೆ. ಇವತ್ತು ಕ್ರಿಕೆಟ್ ಮ್ಯಾಚಿನ ದಿನ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಕ್ಷೌರದಂಗಡಿಯಲ್ಲಿ ಚಿತ್ರ ಚೂರೂ ಕದಲುವುದಿಲ್ಲ, ಶೇವಿಂಗ್ ಮುಗಿಸಿದವರೂ ಕುರ್ಚಿ ಬಿಡುವುದಿಲ್ಲ. ಕೊನೆಯ ಬಾಲ್ ಮುಗಿದದ್ದೇ ಕ್ಷೌರದಣ್ಣ ಕತ್ತರಿ ಹಿಡಿದೇ ಬೀದಿಗೆ ಓಡಿ ಬರುತ್ತಾನೆ.

“ಅಕ್ಕಾ, ಗೆದ್ವಿ!”

“ನಿಮ್ ಟೀಮಾ?”

“ಅದು ಸೋತೋಯ್ತು ಬಿಡಿ. ಟೀವಿ ಗೆಲ್ತು!”

ಮೈದುನ ತಲೆ ಕೆರೆದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ. “ಅತ್ತಿಗೆ, ನಮ್ ಅಟ್ಟದ ಮೇಲೂ ಒಂದು ಸತ್ತ ಟೀವಿ ಬಿದ್ದಿದೆ...”

“ಸತ್ತಿದೆ ಅಂತ ನೀನ್ ಹೇಳಿದ್ರೆ ಆಗಲ್ಲಪ್ಪ,” ಎನ್ನುತ್ತಾರೆ ಅಕ್ಕ, ಮೇಜು ಒರೆಸುತ್ತ. “ಅದನ್ನ ನಾನ್ ಹೇಳ್ಬೇಕು. ತಗೊಂಡ್ ಬಾ.”